ಹಳೇ ಮನೆ ರಿಪೇರಿ: ಗೋಡೆ ಒಳಗಿನ ಗೇಟ್ ವಾಲ್ವ್ ಸೋರ್ತಾ ಉಂಟು, ಇಡುದಾ ಕೀಳುದಾ?

ಬಿಜೈ_ಹಳೇಮನೆ
ನಮಸ್ಕಾರ ಎಲ್ರಿಗೂ. ಬಿಜೈ ಹತ್ರ ಮಾವನ ಕಾಲದ ಮನೆ, 1986ರಲ್ಲಿ ಕಟ್ಟಿದ್ದು, ಮುರಕಲ್ಲಿನ ಗೋಡೆ, ಒಳಗೆ ಪೂರ್ತಿ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು). ಈಗ ಎರಡು ಬಾತ್‌ರೂಮು ಮತ್ತೆ ಅಡುಗೆಮನೆ ಹೊಸತು ಮಾಡಿಸ್ತಾ ಇದ್ದೇವೆ. ಹಳೇ ಟೈಲ್ಸ್ ಕಿತ್ತಾಗ ಗೊತ್ತಾಯ್ತು, ಗೋಡೆ ಒಳಗಿನ ಮೂರು ಗೇಟ್ ವಾಲ್ವಿನಲ್ಲಿ (ಚಕ್ರ ತಿರುಗಿಸಿದ್ರೆ ಒಳಗೆ ಗೇಟು ಇಳಿದು ನೀರು ನಿಲ್ಲಿಸುವಂಥದ್ದು) ಎರಡು ತಿರುಗಿಸಿದ ಕೂಡ್ಲೇ ಸ್ಪಿಂಡಲ್ (ಚಕ್ರದ ಕೆಳಗಿನ ಕಂಬಿ) ಹತ್ರ ಸೋರ್ತವೆ, ಮೂರನೇದು ತಿರುಗುದೇ ಇಲ್ಲ. ಟೆರೇಸಲ್ಲಿ ಟ್ಯಾಂಕಿ ಕೆಳಗೆ ಒಂದು ದೊಡ್ಡ ವಾಲ್ವ್ ಉಂಟು, ಅದನ್ನು ಪೂರ್ತಿ ಬಂದ್ ಮಾಡಿದ್ರೂ ಕೆಳಗಿನ ನಳ್ಳಿಯಲ್ಲಿ ಸಣ್ಣಕ್ಕೆ ನೀರು ಬರ್ತಾನೇ ಇರ್ತದೆ.

ಪ್ಲಂಬರ್ ಹೇಳುದು ಎಲ್ಲಾ ಲೈನ್ ಕಿತ್ತು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಹಾಕುವ ಅಂತ. ಟೈಲ್ಸ್ ಮೇಸ್ತ್ರಿ ಹೇಳುದು ಗೋಡೆ ಇನ್ನೂ ಕೆತ್ತಿದ್ರೆ ಮುರಕಲ್ಲು ಉದುರ್ತದೆ, ವಾಲ್ವಿನ ತಲೆ ಮಾತ್ರ ಬದಲಿಸಿ ಸಾಕು ಅಂತ. ಅತ್ತೆ ಹೇಳುದು ಇದೆಲ್ಲ ಹಳೇ ಗಟ್ಟಿ ಮಾಲು, ಈಗ ಇಂಥದ್ದು ಸಿಗುದಿಲ್ಲ, ಮುಟ್ಟಬೇಡಿ ಅಂತ. ಮೂವರ ಮಧ್ಯೆ ನನ್ನ ಮಂಡೆ ಬಿಸಿ. ಮಳೆ ಶುರುವಾಗುವ ಮೊದಲು ಮುಗಿಸ್ಬೇಕು. ಅನುಭವ ಇದ್ದವರು ಹೇಳಿ.

ಕದ್ರಿ_ಕಂಬಳ
ಎಲ್ಲ ಕಿತ್ತು ಬಿಸಾಡಿ ಮಾರ್ರೆ. 1986ರ ಜಿಐ ಅಂದ್ರೆ ಇಷ್ಟು ದಿನ ಬಾಳಿದ್ದೇ ಹೆಚ್ಚು.

ಸುರತ್ಕಲ್_ಪೈಪು
ಸ್ವಲ್ಪ ನಿಲ್ಲಿ, ಬಿಸಾಡುವ ಮೊದಲು ಯಾವ ಸೋರಿಕೆ ಅಂತ ನೋಡ್ಬೇಕು. ನಾನು ಇದೇ ಕೆಲಸ ಮಾಡುವವ. ಜನ ಎಲ್ಲದಕ್ಕೂ "ವಾಲ್ವ್ ಲೀಕ್" ಅಂತಾರೆ, ಆದ್ರೆ ಸ್ಪಿಂಡಲ್ ಹತ್ರ ಹನಿ ಬರುದು ಬೇರೆ, ಪೈಪಿನ ಥ್ರೆಡ್ ಹತ್ರ ಬರುದು ಬೇರೆ, ಬಂದ್ ಮಾಡಿದ ಮೇಲೂ ಒಳಗಿಂದ ನೀರು ದಾಟುದು ಬೇರೆ, ಅದಕ್ಕೆ ನಾವು ಪಾಸಿಂಗ್ ಅಂತೇವೆ. ವಾಲ್ವನ್ನು ಒಣ ಬಟ್ಟೆಯಲ್ಲಿ ಒರೆಸಿ ಟಿಶ್ಯೂ ಪೇಪರ್ ಸುತ್ತಿ ಹತ್ತು ನಿಮಿಷ ಬಿಡಿ, ಎಲ್ಲಿ ಮೊದಲು ಒದ್ದೆ ಆಗ್ತದೋ ಅದೇ ಜಾಗ.

ಸ್ಪಿಂಡಲಲ್ಲಿ ಬರುದಾದ್ರೆ ಒಳಗಿನ ಪ್ಯಾಕಿಂಗ್, ಅಂದ್ರೆ ಸ್ಪಿಂಡಲಿಗೆ ಸುತ್ತಿದ ದಾರ, ಒಣಗಿದೆ ಅಷ್ಟೇ. ಮೊದಲು ಗ್ಲ್ಯಾಂಡ್ ನಟ್ (ಆ ದಾರವನ್ನು ಒತ್ತಿ ಹಿಡಿಯುವ ನಟ್) ಸ್ವಲ್ಪ, ಕಾಲು ಸುತ್ತಿಗಿಂತ ಕಡಿಮೆ, ಬಿಗಿ ಮಾಡಿ ನೋಡಿ, ಸುಮಾರು ಸಲ ಅಲ್ಲಿಗೇ ನಿಲ್ತದೆ. ಥ್ರೆಡ್ಡಲ್ಲಿ ಬಂದ್ರೆ ಪೈಪೇ ತಿಂದು ಹೋಗಿರ್ತದೆ, ಅಲ್ಲಿ ಸ್ಪ್ಯಾನರ್ ಹಾಕಿದ್ರೆ ಮುರಿದು ಕೈಗೆ ಬರ್ತದೆ. ಪಾಸಿಂಗ್ ಆದ್ರೆ ಸೀಟಲ್ಲಿ, ಅಂದ್ರೆ ಗೇಟು ಬಂದು ಕೂರುವ ಜಾಗದಲ್ಲಿ, ತುಕ್ಕಿನ ಚಕ್ಕೆ ಕೂತಿದೆ ಅಥವಾ ಗೇಟೇ ಸವೆದಿದೆ. ತಿರುಗದೇ ಇರುವ ಮೂರನೇದನ್ನು ದಯವಿಟ್ಟು ಉದ್ದ ಹ್ಯಾಂಡಲ್ ಹಾಕಿ ಒತ್ತಬೇಡಿ, ಸ್ಪಿಂಡಲ್ ತುಂಡಾಗಿ ಗೇಟು ಒಳಗೆ ಬಿದ್ರೆ ಆಮೇಲೆ ಮೇಲಿನ ಚಕ್ರ ಎಷ್ಟು ತಿರುಗಿಸಿದ್ರೂ ಎಂತದೂ ಆಗುದಿಲ್ಲ.

ಮಲ್ಪೆ_ಬಂಗುಡೆ
ನಮ್ಮನೆಯಲ್ಲಿ ಹಾಗೇ ಆಗಿದೆ, ಚಕ್ರ ಗಿರಗಿರ ತಿರುಗ್ತದೆ ನೀರು ನಿಲ್ಲುದಿಲ್ಲ 😂

ಕುಂಜಿಬೆಟ್ಟು_ಭಟ್
ಸುರತ್ಕಲ್‌ನವರು ಸರಿಯಾಗಿ ಹೇಳಿದ್ರು. ನಿಮ್ಮ ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಆ ಕಾಲದ ಒಳ್ಳೇ ವಾಲ್ವು ಗನ್‌ಮೆಟಲ್ ಎರಕ, ತಾಮ್ರ ತವರ ಸತು ಸೇರಿದ್ದು. ಮೈ ಮೇಲೆ ಐಎಸ್ 778 ಅಂತ ಗುರುತು ಉಂಟಾ ನೋಡಿ, ಇದ್ರೆ ತಾಮ್ರದ ಮಿಶ್ರಲೋಹದ ವಾಲ್ವಿನ ಇಂಡಿಯನ್ ಸ್ಟ್ಯಾಂಡರ್ಡು ಅದು. ಟೆರೇಸಿನದ್ದನ್ನು ನಾನಾದ್ರೆ ಎಸೆಯುದೇ ಇಲ್ಲ.

ಪ್ಯಾಕಿಂಗ್ ಬದಲಿಸುದು ದೊಡ್ಡ ವಿದ್ಯೆ ಏನಲ್ಲ. ಲೈನಲ್ಲಿ ನೀರು ಖಾಲಿ ಮಾಡಿ, ಹ್ಯಾಂಡಲ್ ತೆಗೆದು, ಗ್ಲ್ಯಾಂಡ್ ನಟ್ ಬಿಚ್ಚಿ, ಹಳೇ ದಾರವನ್ನು ಸಣ್ಣ ಕೊಕ್ಕೆಯಲ್ಲಿ ಎಳೆದು ತೆಗೀರಿ, ಸ್ಪಿಂಡಲನ್ನು ನೀರು ಕಾಗದದಲ್ಲಿ (ನಯವಾದ ಉಜ್ಜು ಕಾಗದ) ಉಜ್ಜಿ ನಯ ಮಾಡಿ, ಹೊಸ ಗ್ರಾಫೈಟ್ ಅಥವಾ ಟೆಫ್ಲಾನ್ ದಾರವನ್ನು ನಟ್ ಬಿಗಿಯುವ ದಿಕ್ಕಿಗೇ ಸುತ್ತಿ, ನಟ್ ಕೂರಿಸಿ. ಹನಿ ನಿಂತ ಕೂಡ್ಲೇ ಬಿಗಿಯುದು ನಿಲ್ಲಿಸ್ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಲ್ಯಾಂಡ್ ದಾರ ಅಂತ ಕೇಳಿದ್ರೆ ಕೊಡ್ತಾರೆ, ಖರ್ಚು ಒಂದು ಚಾ ತಿಂಡಿಯಷ್ಟು.

ಮಣಿಪಾಲ_ಅಕ್ಕ
ಭಟ್ರೇ ಒಂದು ವಿಷಯ ಸೇರಿಸ್ತೇನೆ. ಆ ಕಾಲದ ಪ್ಯಾಕಿಂಗ್ ದಾರದಲ್ಲಿ ಆಸ್ಬೆಸ್ಟಸ್ ಇದ್ದಿರ್ಲಿಕ್ಕೆ ಸಾಕು. ಒಣಗಿದ್ದನ್ನು ಕೆರೆದು ಬಾಯಲ್ಲಿ ಊದಿ ಕ್ಲೀನ್ ಮಾಡುದು ಬೇಡ, ನೀರು ಹಾಕಿ ಒದ್ದೆ ಮಾಡಿಯೇ ತೆಗೀಬೇಕು, ಒದ್ದೆ ಇರುವಾಗ್ಲೇ ಕವರಿಗೆ ಹಾಕಿ ಕಟ್ಬೇಕು. ಮಾಸ್ಕ್ ಹಾಕಿ.

ಕುಂಜಿಬೆಟ್ಟು_ಭಟ್
ಹೌದು ಹೌದು, ಸರಿ ನೆನಪು ಮಾಡಿದ್ರಿ.

ಕದ್ರಿ_ಕಂಬಳ
ನೀವೆಲ್ಲ ದಾರ ಸುತ್ತುದ್ರಲ್ಲೇ ಇದ್ದೀರಿ. ಅವ್ರು ಅದ್ರ ಮೇಲೆ ಹೊಸ ಟೈಲ್ಸ್ ಕೂರಿಸ್ತಾರೆ ಮಾರ್ರೆ! ಎರಡು ವರ್ಷ ಬಿಟ್ಟು ಹೊಸ ಟೈಲ್ಸ್ ಒಡೀಲಿಕ್ಕೆ ಯಾರು ಬರ್ತಾರೆ? ಅದೇ ಡಿಸೈನ್ ಟೈಲ್ಸ್ ಆಗ ಸಿಗ್ತದಾ? ನಮ್ಮ ಅಣ್ಣನ ಮನೆಯಲ್ಲಿ ಒಂದು ಟೈಲ್ ಒಡೆದು ಅದ್ರ ಜೋಡಿ ಹುಡುಕ್ಲಿಕ್ಕೆ ಪಡೀಲ್‌ನಿಂದ ಸುರತ್ಕಲ್ ತನಕ ಎಲ್ಲ ಅಂಗಡಿ ಹತ್ತಿ ಇಳಿದಾಯ್ತು, ಕಡೆಗೆ ಅಲ್ಲಿ ಒಂದು ಹೂವಿನ ಟೈಲ್ ಹಾಕಿದ್ದಾರೆ, ಬಂದವರೆಲ್ಲ ಅದನ್ನೇ ಕೇಳುದು.

ಸುರತ್ಕಲ್_ಪೈಪು
ಅದಕ್ಕೆ ನನ್ನ ಲೆಕ್ಕ ಹೀಗೆ: ಟೈಲ್ಸ್ ಹಿಂದೆ ಹೋಗುದು ಎಲ್ಲ ಹೊಸತು, ಕೈಗೆ ಸಿಗುದು ರಿಪೇರಿ. ಗೋಡೆ ಒಳಗಿನ ಮೂರೂ ಹೋಗ್ಲಿ. ಟೆರೇಸಿನದ್ದು ಭಟ್ರು ಹೇಳಿದ ಹಾಗೆ ಇಟ್ಕೊಳ್ಳಿ, ಆದ್ರೆ ಅದು ಪಾಸಿಂಗ್ ಆದ ಕಾರಣ ದಾರದಿಂದ ಆಗುದಿಲ್ಲ, ಬಾನೆಟ್ (ವಾಲ್ವಿನ ಮೇಲಿನ ಮುಚ್ಚಳ) ಬಿಚ್ಚಿ ಸೀಟ್ ಕ್ಲೀನ್ ಮಾಡಿ ನೋಡ್ಬೇಕು.

ಮತ್ತೆ ಟೈಲ್ಸ್ ಮೇಸ್ತ್ರಿ ಹೇಳಿದ "ತಲೆ ಮಾತ್ರ ಬದಲಿಸಿ" ಅನ್ನುದು ತಪ್ಪೇನಲ್ಲ, ಹೊಸ ಕನ್ಸೀಲ್ಡ್ ಕಾಕಿಗೆ (ಗೋಡೆ ಒಳಗೆ ಕೂರುವ ವಾಲ್ವ್) ಆದ್ರೆ. ಅದರ ಹೆಡ್ ಪಾರ್ಟ್ ಬೇರೆ ಸಿಗ್ತದೆ, ಮುಂದಿನಿಂದಲೇ ಬಿಚ್ಚಿ ಹಾಕ್ಬಹುದು. 1986ರ ಗೇಟ್ ವಾಲ್ವಿಗೆ ಸರಿಹೊಂದುವ ತಲೆ ಹುಡುಕಿ ತಂದ್ರೂ ಥ್ರೆಡ್ ಕೂರುದಿಲ್ಲ.

ಉಳ್ಳಾಲ_ಕಡಲು
ಪ್ಲಂಬರ್ ಎಲ್ಲ ಲೈನ್ ಕಿತ್ತು ಹಾಕುವ ಅಂದ್ರೆ ಅವ್ರಿಗೆ ಅಂಗಡಿಯಿಂದ ಕಮಿಷನ್ ಉಂಟು ಅಂತ ಅರ್ಥ. ಹಳೇ ಹಿತ್ತಾಳೆ ಎಲ್ಲ ಗುಜರಿಗೆ, ಅದರ ದುಡ್ಡು ಯಾರ ಜೇಬಿಗೆ ಅಂತ ಕೇಳಿ ಮೊದಲು.

ಸುರತ್ಕಲ್_ಪೈಪು
ಎಲ್ರನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ ಅಣ್ಣ. ನಾನು ಹಳೇ ಮಾಲು ಗೋಣಿಯಲ್ಲಿ ಹಾಕಿ ಮನೆಯವರ ಎದುರೇ ಇಟ್ಟು ಬರ್ತೇನೆ.

ಮಲ್ಪೆ_ಬಂಗುಡೆ
ಎಲ್ಲಾ ಪ್ಲಂಬರೂ ಹಾಗಿದ್ರೆ ನಮ್ಮ ಊರಿನ ಗುಜರಿ ಅಂಗಡಿ ಮುಚ್ಚಬೇಕಿತ್ತು.

ಉಳ್ಳಾಲ_ಕಡಲು
ನಿಮ್ಮ ಬಗ್ಗೆ ಹೇಳಿದ್ದಲ್ಲ ಅಣ್ಣ, ಬೇಜಾರಾಗ್ಬೇಡಿ. ಆದ್ರೆ ಬಿಜೈಯವರೇ, ಹಳೇ ವಾಲ್ವು ತೂಕ ಮಾಡಿ ಇಟ್ಕೊಳ್ಳಿ. ಕೈಯಲ್ಲಿ ಹಿಡಿದ್ರೇ ಗೊತ್ತಾಗ್ತದೆ, ಈಗ ಬರುವ ಅಗ್ಗದ ನಳ್ಳಿ ಹಗುರ, ಒಳಗೆ ಸತುವಿನ ಎರಕ ಮೇಲೆ ಕ್ರೋಮ್. ನಮ್ಮಲ್ಲಿ ಕಡಲಿಂದ ಉಪ್ಪುಗಾಳಿ ನೇರ ಬಡೀತದೆ, ಅಂಥ ನಳ್ಳಿ ಒಂದು ಮಳೆಗಾಲ ಕಳೆದ ಮೇಲೆ ಮುಟ್ಟಿದ್ರೆ ಕ್ರೋಮ್ ಸಿಪ್ಪೆ ಏಳ್ತದೆ.

ಪೆರ್ಡೂರು_ತೋಟ
ಯಾರೂ ಬಾವಿ ನೀರಿನ ಬಗ್ಗೆ ಹೇಳ್ಲೇ ಇಲ್ವಲ್ಲ? ನಿಮ್ಮ ಟ್ಯಾಂಕಿಗೆ ಬಾವಿ ನೀರಾ ಕಾರ್ಪೋರೇಶನ್ ನೀರಾ? ನಮ್ಮ ಕರಾವಳಿಯ ಮುರಕಲ್ಲು ಮಣ್ಣಿನ ಬಾವಿ ನೀರು ಹೆಚ್ಚಿನ ಕಡೆ ಸ್ವಲ್ಪ ಆಮ್ಲೀಯ, ಕುಡಿಯುವ ನೀರಿಗೆ ಐಎಸ್ 10500 ಹೇಳುದು ಪಿಎಚ್ 6.5ರಿಂದ 8.5, ನಮ್ಮ ಬಾವಿದು ಟೆಸ್ಟ್ ಮಾಡಿಸಿದಾಗ 6ಕ್ಕಿಂತ ಕೆಳಗೆ ಬಂತು. ಸುಣ್ಣದ ಅಂಶ ಇಲ್ಲದ ಮೆದು ನೀರು, ಸಾಬೂನು ಚೆನ್ನಾಗಿ ನೊರೆ ಬರ್ತದೆ, ಗೀಸರಲ್ಲಿ ಬಿಳಿ ಪದರ ಕಟ್ಟುದಿಲ್ಲ, ನಾವು ಹೆಮ್ಮೆ ಪಡ್ತೇವೆ, ಆದ್ರೆ ಅದೇ ನೀರು ಜಿಐಯ ಸತುವನ್ನು ಮೊದಲು ತಿಂತದೆ, ಮತ್ತೆ ಕಬ್ಬಿಣ, ಮತ್ತೆ ಹಿತ್ತಾಳೆಯ ಸತು. ಹಿತ್ತಾಳೆಯಿಂದ ಸತು ಕರಗಿ ಹೋದ್ರೆ ಉಳಿಯುದು ತೂತು ತೂತಾದ ತಾಮ್ರ, ಕೆಂಪಗೆ ಕಾಣ್ತದೆ, ಬಲ ಇರುದಿಲ್ಲ, ಸ್ಪ್ಯಾನರ್ ಹಾಕಿದ್ರೆ ಪುಡಿ.

ಅಡಿಕೆ ತೋಟದ ಪಂಪಿನ ಹಿತ್ತಾಳೆ ವಾಲ್ವಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದು. ಹಾಗಾಗಿ ವಾಲ್ವಿನ ಥ್ರೆಡ್ ಭಾಗ ಒಂಚೂರು ಕೆರೆದು ನೋಡಿ. ಹಳದಿ ಹೊಳಪು ಬಂದ್ರೆ ಅದಕ್ಕೆ ಇನ್ನೂ ಆಯುಷ್ಯ ಉಂಟು, ಮಂಕು ಕೆಂಪು ಬಂದ್ರೆ ನಂಬಬೇಡಿ.

ಕುಂಜಿಬೆಟ್ಟು_ಭಟ್
ಇದು ಬಹಳ ಒಳ್ಳೇ ಪಾಯಿಂಟು. ಒಂದು ತಿದ್ದುಪಡಿ ಮಾತ್ರ: ಗನ್‌ಮೆಟಲ್ ಆದ್ರೆ ಕೆರೆದಾಗ ಸಹಜವಾಗಿಯೇ ಸ್ವಲ್ಪ ಕೆಂಪು ಛಾಯೆ ಇರ್ತದೆ, ತಾಮ್ರ ಜಾಸ್ತಿ ಇರುದ್ರಿಂದ. ಬಣ್ಣ ನೋಡಿ ಗಾಬರಿ ಆಗ್ಬೇಡಿ, ಹೊಳಪು ಉಂಟಾ, ಚಾಕು ತುದಿಗೆ ಪುಡಿ ಉದುರ್ತದಾ ಅಂತ ನೋಡಿ. ಗನ್‌ಮೆಟಲ್ ಈ ಸತು ಕರಗುವ ಕಾಯಿಲೆಯನ್ನು ಹಿತ್ತಾಳೆಗಿಂತ ಚೆನ್ನಾಗಿ ತಡ್ಕೊಳ್ತದೆ.

ಬಿಜೈ_ಹಳೇಮನೆ
ಎರಡೂ ಉಂಟು. ಕಾರ್ಪೋರೇಶನ್ ನೀರು ಕೆಳಗಿನ ಸಂಪ್ ತೊಟ್ಟಿಗೆ, ಬಾವಿ ನೀರು ನೇರ ಮೇಲಿನ ಟ್ಯಾಂಕಿಗೆ, ಮಾರ್ಚ್ ಏಪ್ರಿಲಲ್ಲಿ ಬಾವಿ ತಳ ಕಂಡಾಗ ಸಂಪಿಂದ ಪಂಪ್ ಮಾಡುದು. ಕೆರೆದು ನೋಡಿದೆ, ಟೆರೇಸಿನದ್ದು ಹೊಳೀತದೆ, ಐಎಸ್ 778 ಗುರುತೂ ಉಂಟು (ಅತ್ತೆಗೆ ಹೇಳ್ಲಿಲ್ಲ ಇನ್ನೂ, ಹೇಳಿದ್ರೆ ಮತ್ತೆ ಕೇಳ್ಬೇಕಲ್ಲ). ಗೋಡೆ ಒಳಗಿನದ್ದು ಒಂದು ಚಾಕು ತಾಗಿಸಿದ್ರೆ ಉದುರಿತು.

ಪೆರ್ಡೂರು_ತೋಟ
ಹಾಗಾದ್ರೆ ಅದು ಮುಗೀತು. ನೀರು ತುಂಬಾ ಆಮ್ಲೀಯ ಇದ್ರೆ ಮುಂದಕ್ಕೆ ಸುಣ್ಣಕಲ್ಲಿನ ಚೂರು ತುಂಬಿದ ಫಿಲ್ಟರ್ ಟ್ಯಾಂಕಿ ಮೊದಲು ಇಡಿಸ್ಬಹುದು, ನೀರು ಅದ್ರ ಮೂಲಕ ಹೋಗುವಾಗ ಪಿಎಚ್ ಏರ್ತದೆ. ಹಿಂದಿನವರು ಬಾವಿಗೆ ಚಿಪ್ಪಿನ ಸುಣ್ಣ ಹಾಕ್ತಿದ್ರು.

ಮಲ್ಪೆ_ಬಂಗುಡೆ
ಬಾವಿಗೆ ಸುಣ್ಣ ಹಾಕಿ ಅಂತ ಹೇಳಿ ನಮ್ಮ ಪಕ್ಕದ್ಮನೆಯವ್ರು ಒಂದು ಗೋಣಿ ಸುರಿದಿದ್ದಾರೆ, ವಾರಗಟ್ಲೆ ನೀರು ಮಜ್ಜಿಗೆ. ಅಳತೆ ಗೊತ್ತಿಲ್ಲದೆ ಹಾಕ್ಲಿಕ್ಕೆ ಹೋಗ್ಬೇಡಿ.

ಮಣಿಪಾಲ_ಅಕ್ಕ
ಕಾರ್ಪೋರೇಶನ್ ಲೈನಿದು ಬೇರೆ ಕಥೆ. ಮಂಗಳೂರಿಗೆ ತುಂಬೆ ಡ್ಯಾಮಿಂದ, ನಮ್ಮ ಉಡುಪಿ ಮಣಿಪಾಲಕ್ಕೆ ಸ್ವರ್ಣಾ ನದಿಯ ಬಜೆಯಿಂದ ನೀರು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬಿಡ್ಲಿಕ್ಕೆ ಶುರು ಮಾಡಿದ್ರೆ ಖಾಲಿ ಪೈಪಿಗೆ ಮತ್ತೆ ನೀರು ನುಗ್ಗುವಾಗ ಒಳಗಿನ ತುಕ್ಕು ಕೆಸರು ಎಲ್ಲ ಎಬ್ಬಿಸಿ ತರ್ತದೆ. ಅದು ಬಂದು ವಾಲ್ವ್ ಸೀಟಲ್ಲಿ ಕೂರುದು. ಗೇಟ್ ವಾಲ್ವಿನ ತಳದಲ್ಲಿ ಗುಂಡಿ ಇರ್ತದಲ್ಲ, ಅಲ್ಲಿ ಮರಳು ತುಂಬಿದ್ರೆ ಗೇಟು ಪೂರ್ತಿ ಇಳಿಯುದೇ ಇಲ್ಲ. ಬಿಜೈಯವರ ಟೆರೇಸ್ ವಾಲ್ವ್ ಬಹುಶಃ ಅದೇ ಕೇಸು. ಅರ್ಧ ತೆರೆದು ಬಂದ್ ಮಾಡಿ, ತೆರೆದು ಬಂದ್ ಮಾಡಿ, ನೀರಿನ ರಭಸಕ್ಕೆ ತೊಳೆದು ಹೋಗ್ತದಾ ನೋಡಿ ಮೊದಲು. ಬಿಚ್ಚುವ ಮೊದಲು ಇಷ್ಟು ಮಾಡಿದ್ರೆ ಖರ್ಚಿಲ್ಲ.

ಮತ್ತೆ ಮೀಟರಿಗಿಂತ ಮೊದಲಿನ ವಾಲ್ವ್ ಸೋರಿದ್ರೆ ಅದಕ್ಕೆ ಮನೆ ಪ್ಲಂಬರ್ ಕೈ ಹಾಕುದು ಬೇಡ, ನೀರಿನ ಇಲಾಖೆಗೆ ಹೇಳಿಯೇ ಮಾಡಿಸಿ.

ಕಾಪು_ದೀಪ
ಪ್ರಶ್ನೆ: ಟ್ಯಾಂಕಿ ವಾಲ್ವನ್ನೇ ಬಿಚ್ಚುದಾದ್ರೆ ಟ್ಯಾಂಕಿ ಪೂರ್ತಿ ಖಾಲಿ ಮಾಡ್ಬೇಕಾ? ನಮ್ಮದು 2000 ಲೀಟರ್, ಬೇಸಿಗೆಯಲ್ಲಿ ಅಷ್ಟು ನೀರು ಚರಂಡಿಗೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ.

ಸುರತ್ಕಲ್_ಪೈಪು
ಬೇಕಾಗಿಲ್ಲ. ಟ್ಯಾಂಕಿ ಒಳಗಿಂದ ಔಟ್‌ಲೆಟ್ ತೂತಿಗೆ ಮರದ ಬೆಣೆಗೆ ಬಟ್ಟೆ ಸುತ್ತಿ ಒತ್ತಿ ಕೂರಿಸುದು. ನನ್ನ ಗುರುಗಳು ತೆಂಗಿನ ಸಿಪ್ಪೆಯಲ್ಲೇ ಕೆತ್ತಿ ಮಾಡ್ತಿದ್ರು, ನೀರು ಕುಡಿದು ಉಬ್ಬಿ ಗಟ್ಟಿಯಾಗಿ ಕೂರ್ತದೆ. ಬೆಣೆಗೆ ಹಗ್ಗ ಕಟ್ಟಿ ಅದರ ತುದಿ ಟ್ಯಾಂಕಿ ಬಾಯಲ್ಲಿ ಕಟ್ಟಿಡಿ, ಹಗ್ಗ ಇಲ್ಲದೆ ಪೈಪಿನೊಳಗೆ ಎಳ್ಕೊಂಡ್ರೆ ಹೊಸ ಕೆಲಸ ಹುಟ್ತದೆ.

ಕದ್ರಿ_ಕಂಬಳ
ಈಗ ಅಸಲು ಪ್ರಶ್ನೆ. ಗೋಡೆ ಒಳಗೆ ಹೊಸತು ಹಾಕುದು ಅಂತ ಆಯ್ತು. ಗೇಟ್ ವಾಲ್ವಾ ಬಾಲ್ ವಾಲ್ವಾ (ಒಳಗೆ ತೂತಿರುವ ಗುಂಡು ತಿರುಗುವಂಥದ್ದು)? ನಾನು ಬಾಲ್ ವಾಲ್ವ್ ಪಾರ್ಟಿ. ಕಾಲು ಸುತ್ತು ತಿರುಗಿಸಿದ್ರೆ ಬಂದ್, ಹ್ಯಾಂಡಲ್ ನೋಡಿದ್ರೇ ಗೊತ್ತಾಗ್ತದೆ ತೆರೆದಿದೆಯಾ ಮುಚ್ಚಿದೆಯಾ ಅಂತ.

ಕುಂಜಿಬೆಟ್ಟು_ಭಟ್
ಬಾಲ್ ವಾಲ್ವೂ ವರ್ಷಗಟ್ಲೆ ಮುಟ್ಟದೆ ಬಿಟ್ರೆ ಅಂಟಿಕೊಳ್ತದೆ. ಮತ್ತೆ ಫಟ್ಟಂತ ಮುಚ್ಚಿದ್ರೆ ಪೈಪೆಲ್ಲ ಧಡ್ ಅನ್ನುವ ಹೊಡೆತ, ಪ್ರೆಶರ್ ಪಂಪ್ ಇದ್ದ ಮನೆಯಲ್ಲಿ ಜಾಯಿಂಟ್ ಸಡಿಲ ಆಗ್ಲಿಕ್ಕೆ ಅದೂ ಒಂದು ಕಾರಣ.

ಸುರತ್ಕಲ್_ಪೈಪು
ಪ್ರೆಶರ್ ಪಂಪ್ ಇಲ್ಲದ ಮನೆಗೆ ಆ ಹೆದರಿಕೆ ಬೇಡ ಭಟ್ರೆ. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಟೆರೇಸ್ ಟ್ಯಾಂಕಿಯಿಂದ ಕೆಳಗಿನ ಬಾತ್‌ರೂಮಿಗೆ ಆರೇಳು ಮೀಟರ್ ಇದ್ರೆ ಹೆಚ್ಚು, ಮೇಲಿನ ಬಾತ್‌ರೂಮಿಗೆ ಅದರ ಅರ್ಧವೂ ಇಲ್ಲ. ಅಲ್ಲಿ ಇರುವ ಅಲ್ಪ ಒತ್ತಡವನ್ನು ವಾಲ್ವೇ ತಿಂದ್ರೆ ಶವರಲ್ಲಿ ಎಂತ ಬರ್ತದೆ? ಬಾಲ್ ವಾಲ್ವೂ ಗೇಟ್ ವಾಲ್ವೂ ಪೂರ್ತಿ ತೆರೆದ್ರೆ ನೀರಿಗೆ ನೇರ ದಾರಿ, ಬಾಲಲ್ಲಿ ಫುಲ್ ಬೋರ್ (ತೂತು ಪೈಪಿನಷ್ಟೇ ಅಗಲ) ಅಂತ ಕೇಳಿ ತಗೊಳ್ಬೇಕು. ಅಂಗಡಿಯವ ಕೊಡುವ ಕೆಲವು ಕನ್ಸೀಲ್ಡ್ ಸ್ಟಾಪ್ ಕಾಕ್ ಒಳಗೆ ನೀರು ಮೇಲೆ ಹತ್ತಿ ಕೆಳಗೆ ಇಳಿದು ಹೋಗ್ಬೇಕು, ಅದು ಟ್ಯಾಂಕಿ ಒತ್ತಡದ ಮನೆಗೆ ಆಗುದಿಲ್ಲ.

ಎರಡರಲ್ಲಿ ಯಾವ್ದನ್ನೂ ಅರ್ಧ ತೆರೆದು ಇಟ್ಟು ನೀರು ಕಮ್ಮಿ ಮಾಡ್ಲಿಕ್ಕೆ ಬಳಸ್ಬೇಡಿ, ಗೇಟ್ ವಾಲ್ವ್ ಸವೆಯುದೇ ಹಾಗೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೀರಿ.

ಬಂದರ್_ಇಬ್ಬರು
ಗೋಡೆ ಒಳಗೆ ಯಾಕೆ ಹಾಕ್ಬೇಕು ಅಂತ ಯಾರೂ ಕೇಳ್ಳಿಲ್ಲ! ನಮ್ಮ ಹಳೇ ಮನೆಗೆ ನಾವು ಬಾತ್‌ರೂಮಿನ ಹೊರಗಿನ ಗೋಡೆಯಲ್ಲಿ, ಕಿಟಕಿ ಪಕ್ಕ, ಒಂದೇ ಕಡೆ ಎಲ್ಲಾ ವಾಲ್ವ್ ತಂದು ಮೇಲೆ ಸಣ್ಣ ಅಲ್ಯೂಮಿನಿಯಂ ಬಾಗಿಲು ಇಟ್ಟಿದ್ದೇವೆ. ಪ್ರತಿ ವಾಲ್ವಿನ ಎರಡೂ ಕಡೆ ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚುವ ಜಾಯಿಂಟು), ಯಾವಾಗ ಬೇಕಾದ್ರೂ ಬಿಚ್ಚಬಹುದು. ನೋಡ್ಲಿಕ್ಕೆ ಚಂದ ಇಲ್ಲ ಅಂತ ಇಂಟೀರಿಯರ್‌ನವರು ಮುಖ ಮಾಡಿದ್ರು, ಮಾಡ್ಲಿ.

ಬಿಜೈ_ಹಳೇಮನೆ
ಅರೆ ಇದು ಒಳ್ಳೇ ಐಡಿಯಾ. ನಮ್ಮ ಎರಡು ಬಾತ್‌ರೂಮಿಗೂ ಹಿಂದಿನ ಗೋಡೆ ಒಂದೇ, ಆಚೆ ಬಚ್ಚಲ ಹಂಡೆಯ ಜಾಗ. ಅಲ್ಲಿ ಹಾಕ್ಬಹುದು.

ಸುರತ್ಕಲ್_ಪೈಪು
ಹಾಕಿ, ಕಣ್ಣು ಮುಚ್ಚಿ ಹಾಕಿ. ಹಂಡೆಗೆ ಈಗ್ಲೂ ಬೆಂಕಿ ಹಾಕ್ತೀರಾದ್ರೆ ಸಿಪಿವಿಸಿಯನ್ನು ಒಲೆಯಿಂದ ದೂರ ಇಡಿ. ಒಳಗಿನ ನೀರು 93 ಡಿಗ್ರಿ ತನಕ ಬಿಸಿ ಆದ್ರೂ ತಡೀತದೆ, ಆದ್ರೆ ಹೊರಗಿನ ಬೆಂಕಿ ಝಳಕ್ಕೆ ಬಾಗ್ತದೆ. ಪ್ಯಾಕೇಟಿನ ಮೇಲೆ ಐಎಸ್ 15778 ನೋಡಿ. ಬಿಳಿ ಯುಪಿವಿಸಿಯನ್ನು (ತಣ್ಣೀರಿನ ಪ್ಲಾಸ್ಟಿಕ್ ಪೈಪು) ಗೀಸರ್ ಲೈನಿಗೆ ಹಾಕ್ಲಿಕ್ಕೆ ಯಾರಾದ್ರೂ ಬಂದ್ರೆ ಒಳಗೆ ಬಿಡ್ಬೇಡಿ.

ಹಳೇ ಜಿಐಗೆ ಹೊಸ ಸಿಪಿವಿಸಿ ಸೇರಿಸುವಲ್ಲಿ ಹಿತ್ತಾಳೆ ಇನ್ಸರ್ಟ್ ಇರುವ ಫಿಟ್ಟಿಂಗೇ ಬೇಕು, ಬರೀ ಪ್ಲಾಸ್ಟಿಕ್ ಥ್ರೆಡ್ ಬಿಗಿದ್ರೆ ಸೀಳ್ತದೆ. ಅಲ್ಲಿ ನಾರು ಮತ್ತೆ ಸಫೇದ (ಎಣ್ಣೆ ಕಲಸಿದ ಬಿಳಿ ಪೇಸ್ಟ್) ಹಚ್ಚುದು ಬೇಡ, ಎಣ್ಣೆ ಸಿಪಿವಿಸಿಗೆ ಆಗುದಿಲ್ಲ, ಟೆಫ್ಲಾನ್ ಟೇಪ್ ಸಾಕು. ಹಳೇ ಜಿಐ ಬಿಚ್ಚುವಾಗ ಎರಡು ಪೈಪ್ ರೆಂಚ್, ಒಂದು ಹಿಡಿಲಿಕ್ಕೆ ಒಂದು ತಿರುಗಿಸ್ಲಿಕ್ಕೆ. ಒಂದರಲ್ಲೇ ತಿರುಗಿಸಿದ್ರೆ ನೀವು ಇಲ್ಲಿ ಬಿಚ್ಚುವಾಗ ಗೋಡೆ ಒಳಗೆ ಇನ್ನೊಂದು ಜಾಯಿಂಟು ಮುರಿದಿರ್ತದೆ, ಮುರಕಲ್ಲು ನೀರು ಕುಡಿದು ಕುಡಿದು ತೇವ ಹತ್ತಾರು ಅಡಿ ಆಚೆ ಮಲಗುವ ಕೋಣೆಯಲ್ಲಿ ಕಾಣ್ತದೆ.

ಕಾಪು_ದೀಪ
ನೀವು ಉಡುಪಿ ಕಡೆ ಬರ್ತೀರಾ ಅಣ್ಣ? ನಮ್ಮ ಪ್ಲಂಬರ್ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವವ, ಕೇಳಿದ್ರೆ "ಪತ್ತನಾಜೆ ಆಗ್ಲಿ ಅಕ್ಕ" ಅಂತಾನೆ. ಪತ್ತನಾಜೆ ಅಂದ್ರೆ ಮೇಳದ ತಿರುಗಾಟ ಮುಗಿಯುವ ದಿನ, ಮೇ ಕೊನೆ ವಾರ, ಆಮೇಲೆ ಮಳೆ.

ಮಲ್ಪೆ_ಬಂಗುಡೆ
ಯಾವ ಮೇಳ? ಚೆಂಡೆ ಚೆನ್ನಾಗಿ ಬಾರಿಸ್ತಾನಾದ್ರೆ ಕಾಯಿರಿ ಅಕ್ಕ 😄

ಕದ್ರಿ_ಕಂಬಳ
ತೆಂಕಾ ಬಡಗಾ?

ಕಾಪು_ದೀಪ
ತೆಂಕು. ಇಲ್ಲಿ ಯಕ್ಷಗಾನ ಶುರು ಮಾಡ್ಬೇಡಿ, ನನ್ನ ಅಡುಗೆಮನೆ ಕೆಳಗೆ ಬಕೆಟ್ ಉಂಟು.

ಸುರತ್ಕಲ್_ಪೈಪು
ಉಡುಪಿಗೆ ಬರುದು ಕಷ್ಟ ಅಕ್ಕ. ಬಕೆಟ್ ಸಿಂಕಿನ ಆಂಗಲ್ ಕಾಕ್ ಕೆಳಗೆ ಅಲ್ವಾ? ಅದನ್ನು ಮೆಸೇಜ್ ಮಾಡಿ ಫೋಟೋ ಕಳಿಸಿ, ಬರೀ ವಾಷರ್ ಆಗಿದ್ರೆ ನೀವೇ ಹಾಕ್ಬಹುದು.

ಬಿಜೈ_ಹಳೇಮನೆ
ಎಲ್ರಿಗೂ ಥ್ಯಾಂಕ್ಸ್. ಪ್ಲಂಬರ್, ಮೇಸ್ತ್ರಿ ಇಬ್ರನ್ನೂ ಕೂರಿಸಿ ಮಾತಾಡಿದೆ. ಬಾತ್‌ರೂಮು ಅಡುಗೆಮನೆಯ ಲೈನ್ ಪೂರ್ತಿ ಸಿಪಿವಿಸಿ, ವಾಲ್ವ್ ಎಲ್ಲ ಹಿಂದಿನ ಗೋಡೆಯಲ್ಲಿ ಬಾಗಿಲು ಇಟ್ಟು ಯೂನಿಯನ್ ಹಾಕಿ. ಗೋಡೆ ಹೆಚ್ಚು ಕೆತ್ತುದಿಲ್ಲ ಅಂತ ಮೇಸ್ತ್ರಿಗೂ ಖುಷಿ. ಟೆರೇಸಿನ ವಾಲ್ವ್ ಮಣಿಪಾಲ ಅಕ್ಕ ಹೇಳಿದ ಹಾಗೆ ತೆರೆದು ಮುಚ್ಚಿ ಮಾಡಿದಾಗ ಕೆಂಪು ಕೆಸರು ಬಂತು, ಪಾಸಿಂಗ್ ಬಹಳ ಕಮ್ಮಿ ಆಯ್ತು, ಆದ್ರೂ ಬಾನೆಟ್ ಬಿಚ್ಚಿ ಕ್ಲೀನ್ ಮಾಡಿಸ್ತೇನೆ. ಟೈಲ್ಸ್ ಕೂರಿಸುವ ಮೊದಲು ಲೈನ್ ಟೆಸ್ಟ್ ಮಾಡ್ಬೇಕಲ್ವಾ, ಪ್ಲಂಬರ್ ಹೇಳುದು ಟ್ಯಾಂಕಿ ನೀರು ಬಿಟ್ಟು ಒಂದು ರಾತ್ರಿ ನೋಡಿದ್ರೆ ಸಾಕು ಅಂತ.

ಬಂದರ್_ಇಬ್ಬರು
ಸಾಕಾಗುದಿಲ್ಲ. ಟ್ಯಾಂಕಿ ಒತ್ತಡ ಮುಕ್ಕಾಲು ಕೆಜಿ ಕೂಡ ಇರುದಿಲ್ಲ. ನಾಳೆ ಯಾರಾದ್ರೂ ಪ್ರೆಶರ್ ಪಂಪ್ ಕೂರಿಸಿದ್ರೆ?

ಸುರತ್ಕಲ್_ಪೈಪು
ಅಂಟು ಹಚ್ಚಿದ ಜಾಯಿಂಟಿಗೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗ್ಲಿಕ್ಕೆ ಬಿಟ್ಟು, ಎಲ್ಲ ಬಾಯಿಗೆ ಪ್ಲಗ್ ಹಾಕಿ, ಮೇಲಿನ ತುದಿಯಿಂದ ಗಾಳಿ ಪೂರ್ತಿ ಬಿಟ್ಟು, ಟೆಸ್ಟಿಂಗ್ ಕೈ ಪಂಪಲ್ಲಿ ನಿಧಾನ ಒತ್ತಡ ಏರಿಸಿ. ಮನೆಯಲ್ಲಿ ಬರುವ ಹೆಚ್ಚಿನ ಒತ್ತಡದ ಒಂದೂವರೆ ಪಟ್ಟು ಆದ್ರೂ ಬೇಕು, ಪ್ರೆಶರ್ ಪಂಪ್ ಹಾಕುವ ಯೋಚನೆ ಇದ್ರೆ ಅದನ್ನೇ ಲೆಕ್ಕ ಹಿಡೀರಿ. ಪಂಪಿನ ಒತ್ತಡದ ಗೇಜಿನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದಿಡಿ, ಮುಳ್ಳು ಇಳಿದ್ರೆ ಮೇಸ್ತ್ರಿಗೆ ಟೈಲ್ಸ್ ಮುಟ್ಲಿಕ್ಕೆ ಬಿಡ್ಬೇಡಿ. ಗಾಳಿ ತುಂಬಿ ಟೆಸ್ಟ್ ಮಾಡ್ತೇನೆ ಅಂದ್ರೆ ಬೇಡ ಅನ್ನಿ, ಪ್ಲಾಸ್ಟಿಕ್ ಪೈಪು ಗಾಳಿ ಒತ್ತಡಕ್ಕೆ ಒಡೆದ್ರೆ ಚೂರು ಹಾರ್ತದೆ.

ಬಿಜೈ_ಹಳೇಮನೆ
ಕೈ ಪಂಪ್ ಬಾಡಿಗೆಗೆ ಸಿಗ್ತದಾ?

ಸುರತ್ಕಲ್_ಪೈಪು
ಪೈಪ್ ತಗೊಳ್ಳುವ ಅಂಗಡಿಯಲ್ಲೇ ಕೇಳಿ, ಅಷ್ಟು ಮಾಲು ತಗೊಂಡವರಿಗೆ ಕೆಲವರು ಹಾಗೇ ಕೊಡ್ತಾರೆ. ಗೇಜಿನ ಮುಳ್ಳು ಸೊನ್ನೆಗೆ ಬರ್ತದಾ ಅಂತ ಅಲ್ಲೇ ನೋಡಿ ತನ್ನಿ.